ಊರಿನ ಉದ್ಯಮಿಗೆ ಶಾಲು ಹೊದಿಸಬೇಕಾ?

ಮಳೆಗಾಲ ಮುಗಿದರೆ ಕರಾವಳಿಯಲ್ಲಿ ವೇದಿಕೆಗಳ ಕಾಲ ಶುರು. ಶಾಲೆಯ ವಾರ್ಷಿಕೋತ್ಸವ ಇರಲಿ, ಬ್ರಹ್ಮಕಲಶ ಇರಲಿ, ಯಕ್ಷಗಾನ ಬಯಲಾಟ ಇರಲಿ, ನಡುವೆ ಒಬ್ಬ 'ಉದ್ಯಮಿ ಹಾಗೂ ಕೊಡುಗೈ ದಾನಿ'ಗೆ ಸನ್ಮಾನ ಇದ್ದೇ ಇರುತ್ತದೆ. ಇದು ಬೇಕಾ, ಬೇಡವಾ? ಎರಡು ಬರಹಗಳು ಇಲ್ಲಿವೆ.

ಪರ: ಹೇಳುವವರಿಲ್ಲದಿದ್ದರೆ ಹೆಸರು ಅಳಿಸಿಹೋಗುತ್ತದೆ

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಒಂದು ಬ್ಯಾಂಕ್ ಬಾಗಿಲು ತೆರೆಯಿತು. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಅದನ್ನು ಕಟ್ಟಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಒಂದೇ ಜಿಲ್ಲೆ, ಇಪ್ಪತ್ತೈದು ವರ್ಷ, ಐದು ದೊಡ್ಡ ಬ್ಯಾಂಕುಗಳು. ಇಂಥದ್ದು ದೇಶದಲ್ಲಿ ಬೇರೆ ಎಲ್ಲಿ ಉಂಟು ಹೇಳಿ?

ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಅನ್ನುವ ದಿನದ ಉಳಿತಾಯ ಯೋಜನೆ ಶುರು ಮಾಡಿದರು. ಬ್ಯಾಂಕಿನ ಜನ ಮನೆಮನೆಗೆ, ಅಂಗಡಿ ಅಂಗಡಿಗೆ ಬಂದು ದಿನಕ್ಕೆ ಎರಡಾಣೆ ತಗೊಂಡು ಹೋಗುತ್ತಿದ್ದರು. ನನ್ನ ಅಜ್ಜನ ಜಿನಸು ಅಂಗಡಿಗೂ ಸಂಜೆ ಹೊತ್ತಿಗೆ ಪಿಗ್ಮಿಯವರು ಬರುತ್ತಿದ್ದರು. ಹೆಗಲಿಗೆ ರೆಕ್ಸಿನ್ ಚೀಲ, ಕಿವಿಯ ಮೇಲೆ ಪೆನ್ನು. ಅಜ್ಜ ಗಲ್ಲಾಪೆಟ್ಟಿಗೆಯಿಂದ ಚಿಲ್ಲರೆ ಎಣಿಸಿ ಕೊಡುವ ಸದ್ದು ಈಗಲೂ ನೆನಪಿದೆ. ಅತ್ತೆಯ ಮದುವೆ ಆದದ್ದು ಅದೇ ಚಿಲ್ಲರೆಯಿಂದ.

ಈಗ? 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾದ ಜೊತೆ ಸೇರಿತು. ಮರುವರ್ಷ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಹೋಯಿತು, ಸಿಂಡಿಕೇಟ್ ಕೆನರಾಕ್ಕೆ ಬಂತು. ಬೋರ್ಡುಗಳು ಬದಲಾದವು. ಮೊನ್ನೆ ಅಜ್ಜನ ಹಳೆಯ ಪಾಸ್‌ಬುಕ್ ಸಿಕ್ಕಿತ್ತು. ಕಾಮರ್ಸ್ ಓದುವ ನನ್ನ ತಂಗಿಯ ಮಗ ಅದನ್ನು ತಿರುಗಿಸಿ ನೋಡಿ, "ಮಾವ, ಸಿಂಡಿಕೇಟ್ ಅಂದ್ರೆ ಏನು?" ಅಂತ ಕೇಳಿದ. ಅವನ ತಪ್ಪಲ್ಲ. ಅವನಿಗೆ ಯಾರೂ ಹೇಳಿಲ್ಲ.

ಸನ್ಮಾನ ಬೇಕು ಅಂತ ನಾನು ಹೇಳುವುದು ಇದಕ್ಕೇ. ಶಾಲು ಹೊದಿಸುವಾಗ ನಾನು ನೋಡುವುದು ಎದುರು ಕೂತ ಮಕ್ಕಳನ್ನು. ಅವರಿಗೆ ಡಾಕ್ಟರ್ ಗೊತ್ತು, ಇಂಜಿನಿಯರ್ ಗೊತ್ತು, ದುಬೈ ಗೊತ್ತು. ಊರಲ್ಲೇ ಕೂತು ಹತ್ತು ಜನರಿಗೆ ಕೆಲಸ ಕೊಡಬಹುದು ಅನ್ನುವುದು ಮಾತ್ರ ಗೊತ್ತಿಲ್ಲ. ನಮ್ಮ ಪಕ್ಕದ ಊರಿನಲ್ಲಿ ಹಲಸಿನ ಹಪ್ಪಳ ಮಾಡಿ ಮಾರುವ ಒಬ್ಬರು ಅಕ್ಕನಿಗೆ ಕಳೆದ ವರ್ಷ ಶಾಲೆಯಲ್ಲಿ ಸನ್ಮಾನ ಮಾಡಿದರು. ಮೈಕ್ ಕೊಟ್ಟರೆ ಅವರಿಗೆ ಮಾತೇ ಹೊರಡಲಿಲ್ಲ. ಆದರೆ ಮರುವಾರವೇ ಪೇಟೆಯ ಮೂರು ಅಂಗಡಿಯವರು ಫೋನ್ ಮಾಡಿ ಪ್ಯಾಕೆಟ್ ಕೇಳಿದರಂತೆ. ಜಾಹೀರಾತಿಗೆ ಅವರ ಹತ್ತಿರ ದುಡ್ಡೆಲ್ಲಿತ್ತು?

ಚಪ್ಪಾಳೆಯಿಂದ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೂ ಊರಿನವರು ಹೆಸರು ಹಿಡಿದು ಕರೆದರೆ ಸಾಲದ ಕಂತಿನ ನಡುವೆಯೂ ಮನುಷ್ಯ ಇನ್ನೊಂದು ವರ್ಷ ತಡೆದುಕೊಳ್ಳುತ್ತಾನೆ.

ವಿರೋಧ: ಅವರು ಇನ್ನು ಚೆಕ್ ಬರೆಯುವುದಿಲ್ಲ

ಪಿಗ್ಮಿಯ ಕತೆ ಓದಿ ನನಗೂ ಕಣ್ಣು ಮಂಜಾಯಿತು. ಆದರೆ ಒಂದು ಪ್ರಶ್ನೆ. ಹಾಜಿ ಅಬ್ದುಲ್ಲಾ ಸಾಹೇಬರ ಹೆಸರನ್ನು ನಮ್ಮ ಬಯಲಾಟದ ವೇದಿಕೆಯಲ್ಲಿ ನೀವು ಎಷ್ಟು ಸಲ ಕೇಳಿದ್ದೀರಿ? ನಾನಂತೂ ಒಮ್ಮೆಯೂ ಕೇಳಿಲ್ಲ. ಕಾರಣ ಸರಳ. ಅವರು ಇನ್ನು ಚೆಕ್ ಬರೆಯುವುದಿಲ್ಲ.

ಸನ್ಮಾನದ ಪಟ್ಟಿ ತಯಾರಾಗುವ ಸಭೆಯಲ್ಲಿ ನಾನು ಕೂತಿದ್ದೇನೆ. ಶಾಲೆಯ ಜಗಲಿ, ಗೋಳಿಬಜೆ, ಚಾ. "ಅವರಿಗೊಂದು ಸನ್ಮಾನ ಇಡುವ ಮಾರಾಯ್ರೆ, ರಂಗಮಂದಿರದ ಶೀಟಿನ ಖರ್ಚು ಬರ್ತದೆ." ಪೆನ್ನು ಓಡಿತು. ಇನ್ನೊಬ್ಬರ ಹೆಸರು ಬಂದಾಗ, "ಹೋದ ವರ್ಷ ಐದು ಸಾವಿರ ಮಾತ್ರ ಕೊಟ್ಟದ್ದು" ಅಂತ ಯಾರೋ ಅಂದರು. ಪೆನ್ನು ನಿಂತಿತು. ಹಪ್ಪಳದ ಅಕ್ಕನಂಥವರು ಇಂಥ ಪಟ್ಟಿಗೆ ಸೇರುವುದು ಅಪರೂಪ. ಹಾಗಾಗಿಯೇ ಅದು ಉದಾಹರಣೆ ಕೊಡುವಷ್ಟು ನೆನಪಲ್ಲಿ ಉಳಿದಿದೆ, ಅಲ್ವಾ?

ಆ ಸಲ ವಾರ್ಷಿಕೋತ್ಸವದಲ್ಲಿ ಒಂಬತ್ತು ಸನ್ಮಾನ. ನನ್ನ ಮಗಳು ನವಿಲಿನ ವೇಷ ಹಾಕಿ ಪರದೆಯ ಹಿಂದೆ ಕಾದು ಕಾದು, ಗರಿಯ ಮೇಲೇ ತಲೆಯಿಟ್ಟು ನಿದ್ದೆ ಹೋದಳು. ಮಕ್ಕಳಿಗೆ ಸ್ಫೂರ್ತಿ ಅಂತೆ!

ಅವತ್ತು ಪೇಟ ತೊಟ್ಟವರಲ್ಲಿ ಒಬ್ಬರದು ಗೇರುಬೀಜದ ಕಾರ್ಖಾನೆ. ನಮ್ಮ ಪಕ್ಕದ ಮನೆಯ ಅಕ್ಕ ಅಲ್ಲಿಗೇ ಕೆಲಸಕ್ಕೆ ಹೋಗುತ್ತಿದ್ದರು. ಎರಡು ತಿಂಗಳ ಸಂಬಳ ಬಾಕಿ ಇತ್ತು. ಮಗನ ಡ್ಯಾನ್ಸ್ ನೋಡಲು ಬಂದವರು ಧಣಿಯ ಹೆಸರು ಕರೆದಾಗ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು. ಗೇರಿನ ಎಣ್ಣೆಗೆ ಬೆರಳ ತುದಿಗಳು ಕಪ್ಪಾಗಿದ್ದವು. ಸನ್ಮಾನ ಪತ್ರದಲ್ಲಿ 'ನೂರಾರು ಬಡ ಕುಟುಂಬಗಳ ಆಶಾಕಿರಣ' ಅಂತಿತ್ತು.

ಇನ್ನೊಂದು ತೊಂದರೆ, ಬದುಕಿರುವವರನ್ನು ದೇವರು ಮಾಡಿಬಿಡುವುದು. ಉಡುಪಿಯಿಂದ ಹೋಗಿ ಅಬುಧಾಬಿಯಲ್ಲಿ ಆಸ್ಪತ್ರೆ ಕಟ್ಟಿದ ಬಿ.ಆರ್. ಶೆಟ್ಟರಿಗೆ 2009ರಲ್ಲಿ ಪದ್ಮಶ್ರೀ ಬಂತು. 2020ರಲ್ಲಿ ಅವರ ಎನ್‌ಎಂಸಿ ಕಂಪನಿ ಸಾಲದಲ್ಲಿ ಮುಳುಗಿ ಕೋರ್ಟು ನೇಮಿಸಿದವರ ಕೈಗೆ ಹೋಯಿತು. ತಪ್ಪು ಯಾರದ್ದು ಅನ್ನುವುದು ಕೋರ್ಟುಗಳ ವಿಚಾರ. ತನಗೇ ಮೋಸ ಆಯಿತು ಅಂತ ಅವರು ಹೇಳುತ್ತಾರೆ, ಇರಬಹುದು. ಕಂಪನಿಯ ಲೆಕ್ಕ ನಮಗಂತೂ ಗೊತ್ತಿರಲಿಲ್ಲ. ನಾವು ನೋಡಿದ್ದು ವೈಭವ ಮಾತ್ರ.

ಹೆಸರು ಉಳಿಸುವ ಮಾತಿಗೆ ಬರುತ್ತೇನೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಲು ಹೊರಟವರು. ಹೊಸ ಬಡಾವಣೆಗೆ ಜಾಗ ಬೇಕು ಅಂತ ಪುರಸಭೆ ಅವರನ್ನು ಎಬ್ಬಿಸಿತು. ಔಂಧ್ ಸಂಸ್ಥಾನದ ರಾಜರು ಕರೆದು ಜಾಗ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು. ಇವತ್ತು ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆ ಇದೆ. ಕಿರ್ಲೋಸ್ಕರ್‌ವಾಡಿ ಮಹಾರಾಷ್ಟ್ರದಲ್ಲಿದೆ. ಅವರಿಗೆ ಆಗ ಬೇಕಿದ್ದದ್ದು ಶಾಲೂ ಅಲ್ಲ, ರಸ್ತೆಯ ಫಲಕವೂ ಅಲ್ಲ. ಒಂದಿಷ್ಟು ಜಾಗ.

ಮಂಗಳೂರಿನ ಐಡಿಯಲ್ ಐಸ್‌ಕ್ರೀಮ್ ನೋಡಿ. 1975ರಲ್ಲಿ ಶುರುವಾದದ್ದು. ಊರಿಗೆ ಬಂದ ನೆಂಟರನ್ನು ನಾವೇ ಕರೆದುಕೊಂಡು ಹೋಗಿ ಗಡ್‌ಬಡ್ ತಿನ್ನಿಸಿ, ನಾವೇ ಬಿಲ್ಲು ಕೊಡುತ್ತೇವೆ. ಅದಕ್ಕಿಂತ ಜಾಸ್ತಿ ಪ್ರಚಾರ ಯಾವ ಪ್ರಶಸ್ತಿಯಿಂದ ಬರುತ್ತದೆ?

ಈ ವರ್ಷದ ಸಭೆಯಲ್ಲಿ ನಾನು ಒಂದು ಮಾತು ಹೇಳಿ ನೋಡಿದೆ. ಸನ್ಮಾನ ಮಾಡುವುದಾದರೆ ಮಾಡಿ, ಆದರೆ ಅವರ ಹತ್ತಿರ ಎಲ್ಲರಿಗಿಂತ ಹೆಚ್ಚು ವರ್ಷ ದುಡಿದ ಕೆಲಸದವರನ್ನೂ ಜೊತೆಗೇ ಕೂರಿಸಿ, ಅವರಿಗೂ ಒಂದು ಶಾಲು ಹಾಕಿ ಅಂತ. ಕಾರ್ಯದರ್ಶಿಗಳು ಗೋಳಿಬಜೆ ಚಟ್ನಿಗೆ ಅದ್ದುತ್ತಾ ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಶಾಲು ಎರಡೆರಡು ಆಗ್ತದಲ್ಲ ಮಾರಾಯ್ರೆ. ಬಜೆಟ್ ಇಲ್ಲ."