ಸಿಕ್ಕಿದೆಯಂತೆ, ತೆರೆಯಲಾಗದಂತೆ!

ಬಸವನಗುಡಿಯ ಕೋಣೆಯಲ್ಲಿ ರಾತ್ರಿ 11.30. ನಾನು ಬರೆದದ್ದು ಕಂಪ್ಯೂಟರ್ ತೆರೆಯ ಮೇಲೆ ಒಂದೇ ಗುಂಡಿಯಿರುವ ಒಂದು ಪುಟ್ಟ ಕಿಟಕಿ ತೋರಿಸುವ ಪ್ರೋಗ್ರಾಂ. ಓಡಿಸಿದರೆ, ‘ಎಕ್ಸ್‌ಸಿಬಿ ಪ್ಲಗಿನ್ ಸಿಕ್ಕಿದೆ, ಆದರೂ ಲೋಡ್ ಮಾಡಲಾಗಲಿಲ್ಲ’! ಲಿನಕ್ಸ್‌ನಲ್ಲಿ ತೆರೆಯ ಮೇಲೆ ಕಿಟಕಿ ಮೂಡಿಸುವ ತುಣುಕು ಅದು. ಸಿಕ್ಕಿದ ಮೇಲೆ ಇನ್ನೇನು ಕೇಡು?

ಕಿಟಕಿ, ಗುಂಡಿಗಳ ಸಿದ್ಧ ಕೋಡ್ ಇರುವ ಲೈಬ್ರರಿ ಕ್ಯೂಟಿ. ಅದರ 6.5ನೇ ಆವೃತ್ತಿಯಿಂದ ಲಿಬ್‌ಎಕ್ಸ್‌ಸಿಬಿ-ಕರ್ಸರ್0 ಎಂಬ ಇನ್ನೊಂದು ಲೈಬ್ರರಿ ಬೇಕು ಎಂದಿತು, ಹಾಕಿದೆ. ಮತ್ತೆ ಅದೇ ಸಾಲು. ಯಾವ ಯಾವ ಲೈಬ್ರರಿ ಬೇಕೆಂದು ತೋರಿಸುವ ಎಲ್‌ಡಿಡಿ ಆಜ್ಞೆ ಕೊಟ್ಟು, ಮಾರುದ್ದದ ಪಟ್ಟಿಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಇಳಿದಾಗ ಕಂಡಿತು: ಲಿಬ್‌ಎಕ್ಸ್‌ಕೆಬಿಕಾಮನ್-ಎಕ್ಸ್11, ‘ನಾಟ್ ಫೌಂಡ್’. ಈ ಹೆಸರನ್ನು ಮೊದಲೇ ಹೇಳಲು ಏನು ಕಷ್ಟವಿತ್ತು?

ಕಳೆದ ತಿಂಗಳು ಹೀಗೆಯೇ ಕಾಡಿದ್ದು ಕಿಟಕಿ ಕಟ್ಟುವ ಇನ್ನೊಂದು ಲೈಬ್ರರಿ, ಟಿಕೆಇಂಟರ್. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜತೆಗೇ ಬರುವ ಲೈಬ್ರರಿ ಎಂದು ನಂಬಿದ್ದೆ. ಉಬುಂಟು ಲಿನಕ್ಸ್‌ನಲ್ಲಿ ಪೈಥಾನ್3-ಟಿಕೆ ಎಂಬ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ಅದಕ್ಕೂ ಹಿಂದಿನ ಸಲ ಕಾಡಿದ್ದು ತೆರೆಯ ಮೇಲೆ ಚಿತ್ರ ಮೂಡಿಸುವ ಲೈಬ್ರರಿ, ಲಿಬ್‌ಜಿಎಲ್. ಒಂದನ್ನು ತಂದರೆ ಇನ್ನೊಂದಿಲ್ಲ! ಬರೆಯಲು 20 ನಿಮಿಷ, ಓಡಿಸಲು ಮೂರು ಸಂಜೆ. ಹೊಸದಾಗಿ ಕಲಿಯುವ ಮಕ್ಕಳು ಇಲ್ಲಿಯೇ ಸೋತು ಕೈಬಿಟ್ಟರೆ ತಪ್ಪು ಯಾರದು?