ಅಜ್ಜಿ ಎಣಿಸಿದ ಲೆಕ್ಕ

ಹೋದ ವಾರ ಮಗಳು ಊಟದ ಮೇಜಿನ ತುಂಬಾ ಚಾರ್ಟ್ ಹರಡಿಕೊಂಡು ಕೂತಿದ್ದಳು. ನಾಲ್ಕನೇ ಕ್ಲಾಸು, 'ನಮ್ಮ ರಾಜ್ಯ' ಅಂತ ಪ್ರಾಜೆಕ್ಟು. ಅವಳ ರಾಜ್ಯ ಅಂದರೆ ನಾವೀಗ ಇರುವ ಅಮೆರಿಕದ ಮಿನ್ನೆಸೋಟ.

"ಅಪ್ಪ, ನಿಮ್ಮ ರಾಜ್ಯದಲ್ಲಿ ಎಷ್ಟು ಜನ?"

ಬಾಯಿಪಾಠ ಇತ್ತು. "6,10,95,297" ಅಂದೆ.

"ಯಾವ ವರ್ಷದ್ದು?"

"2011."

ಅವಳು ಪೆನ್ಸಿಲ್ ಕೆಳಗಿಟ್ಟಳು. "ನಾನು ಹುಟ್ಟೋದಕ್ಕಿಂತ ಮುಂಚೇದು!"

ಚುರ್ ಅಂತು. 2021ರ ಗಣತಿ ಕೋವಿಡ್‌ನಿಂದ ನಿಂತಿತು, ಈಗ 2027ಕ್ಕೆ ಅಂತಿದ್ದಾರೆ ಅಂತ ವಿವರಿಸಿದೆ. ಅಷ್ಟರಲ್ಲಿ ಅವಳು ತನ್ನ ಲೆಕ್ಕ ಹೇಳೋಕೆ ಶುರು ಮಾಡಿದ್ದಳು. 2020ರಲ್ಲಿ ಮಿನ್ನೆಸೋಟದ ಜನ 57,06,494. ವಿಸ್ತೀರ್ಣದಲ್ಲಿ ಈ ರಾಜ್ಯ ಕರ್ನಾಟಕಕ್ಕಿಂತ ದೊಡ್ಡದು, ಜನ ಮಾತ್ರ ನಮ್ಮ ಹತ್ತನೇ ಒಂದು ಪಾಲೂ ಇಲ್ಲ. ನಮ್ಮ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 2011ರಲ್ಲೇ 96 ಲಕ್ಷ ಇದ್ದರು. ಇಲ್ಲಿನ ಕಾರುಗಳ ನಂಬರ್ ಪ್ಲೇಟಿನಲ್ಲಿ 10,000 ಸರೋವರ ಅಂತ ಇರುತ್ತೆ. ಹತ್ತು ಎಕರೆ ಮತ್ತು ಅದಕ್ಕೂ ದೊಡ್ಡವನ್ನಷ್ಟೇ ಎಣಿಸಿದರೂ 11,842 ಇವೆಯಂತೆ. ಇನ್ನೊಂದು ವಿಷಯ ಹೇಳುವಾಗ ಅವಳ ಕಣ್ಣು ಅರಳಿತು. 2020ರ ಗಣತಿಯಲ್ಲಿ ನ್ಯೂಯಾರ್ಕಿನಲ್ಲಿ ಇನ್ನು 89 ಜನ ಜಾಸ್ತಿ ಸಿಕ್ಕಿದ್ದರೆ, ಜನಸಂಖ್ಯೆ ನೋಡಿ ಸೀಟು ಹಂಚುವ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಮಿನ್ನೆಸೋಟಕ್ಕಿರುವ ಎಂಟನೇ ಸೀಟು ಅವರ ಪಾಲಾಗುತ್ತಿತ್ತು. "ಅಪ್ಪ, 89 ಜನ! ನನ್ನ ಸ್ಕೂಲ್ ಬಸ್ಸು ಎರಡು ತುಂಬಿದರೆ ಅಷ್ಟೇ ಅಲ್ವಾ?"

ನನಗೆ ಹೊಟ್ಟೆಕಿಚ್ಚಾಗಿದ್ದು ಮಫಿನ್ನಿನ ಕತೆ ಕೇಳಿ. ಈ ರಾಜ್ಯಕ್ಕೆ ಅಧಿಕೃತ ಮಫಿನ್ (ಪುಟ್ಟ ಕೇಕಿನಂಥ ತಿಂಡಿ) ಒಂದಿದೆ, ಬ್ಲೂಬೆರಿ ಹಣ್ಣಿನದು. ಅದನ್ನು ಕೇಳಿದ್ದು ಕಾರ್ಲ್ಟನ್ ಎಂಬ ಊರಿನ ಮೂರನೇ ಕ್ಲಾಸಿನ ಮಕ್ಕಳು. ಈಶಾನ್ಯದ ಕಾಡುಗಳಲ್ಲಿ ಬ್ಲೂಬೆರಿ ತಾನಾಗೇ ಬೆಳೆಯುತ್ತೆ, ಹೊಲದಲ್ಲಿ ಗೋಧಿ ಬೆಳೆಯುತ್ತೆ, ಎರಡೂ ಸೇರಿದರೆ ಮಫಿನ್. 1988ರಲ್ಲಿ ಅದು ಕಾನೂನೇ ಆಯಿತು. ಎಂಟು ವರ್ಷದ ಮಕ್ಕಳ ಮಾತನ್ನು ಸರ್ಕಾರ ಕೂತು ಕೇಳಿತು.

ನಾವೇನು ಕಲಿತೆವು? ರಾಜ್ಯಪಕ್ಷಿ ನೀಲಕಂಠ, ರಾಜ್ಯಪ್ರಾಣಿ ಆನೆ, ರಾಜ್ಯವೃಕ್ಷ ಶ್ರೀಗಂಧ. ಬಿಟ್ಟ ಸ್ಥಳ ತುಂಬಿ, ಒಂದು ಮಾರ್ಕು. ನೀಲಕಂಠ ನಮ್ಮೂರ ತೋಟದ ಕರೆಂಟು ತಂತಿಯ ಮೇಲೇ ದಿನಾ ಕೂರುತ್ತಿತ್ತು. ಅಗೋ ನೋಡಿ, ಅದೇ ಅಂತ ಒಬ್ಬ ಮೇಷ್ಟ್ರೂ ಕಿಟಕಿಯ ಕಡೆ ಕೈ ತೋರಿಸಲಿಲ್ಲ. ಈಗಲೂ ಅಣ್ಣನ ಮಗನ ನೋಟ್ಸಿನಲ್ಲಿ ಅದೇ ಪಟ್ಟಿ, ಅದೇ ಒಂದು ಮಾರ್ಕು. ಇದು ನನಗೆ ನಿಜಕ್ಕೂ ಬೇಸರ ತರುತ್ತೆ.

ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದಾಗ ಇದನ್ನೆಲ್ಲ ಹೇಳಿಕೊಂಡೆ. ಅಮ್ಮ ಅರಸೀಕೆರೆ ಹತ್ತಿರ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ಸುಮ್ನೆ ಕೇಳಿಸಿಕೊಂಡು, "ನಿನ್ನ ಮಗಳ ಊರಲ್ಲಿ ಯಾರಪ್ಪ ಎಣಿಸೋದು?" ಅಂದರು. ಜಾಸ್ತಿ ಜನ ಆನ್‌ಲೈನಿನಲ್ಲೇ ತುಂಬಿಬಿಡ್ತಾರೆ, ತುಂಬದವರ ಮನೆಗೆ ಮಾತ್ರ ಬರ್ತಾರೆ ಅಂದೆ.

"ನಮ್ಮಲ್ಲಿ ನಾವೇ ಹೋಗ್ತಿದ್ದಿದ್ದು."

2001ರಲ್ಲಿ ಅಮ್ಮ ಇಪ್ಪತ್ತು ದಿನ ಮನೆಮನೆ ತಿರುಗಿದ್ದರು. ಕೊನೆಗೆ ಫೆಬ್ರವರಿ 28ರ ರಾತ್ರಿ, ಮನೆ ಇಲ್ಲದವರನ್ನು ಎಣಿಸೋಕೆ ಟಾರ್ಚ್ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿದ್ದರಂತೆ. ಬೆಂಚಿನ ಮೇಲೆ ಮಲಗಿದ್ದ ಹೆಂಗಸೊಬ್ಬಳು ಎದ್ದು ಕೂತು, "ನನ್ನೂ ಬರ್ಕೊಳ್ತೀರಾ ಮೇಡಂ?" ಅಂದಳಂತೆ.

ಆ ವರ್ಷದ ಸಂಖ್ಯೆಯೂ ನನಗೆ ಬಾಯಿಪಾಠ, 5,28,50,562. ಅದಕ್ಕೋಸ್ಕರ ಅಮ್ಮ ನಡೆದಿದ್ದು ನನಗೆ ಗೊತ್ತೇ ಇರಲಿಲ್ಲ. ಇಲ್ಲಿನ ಯಾವ ಚಾರ್ಟಿನಲ್ಲೂ ಇಂಥದ್ದು ನಾನು ನೋಡಿಲ್ಲ, ಒಪ್ಪಿಕೊಳ್ಳಲೇಬೇಕು.

ಮಗಳು ಫೋನು ಕಿತ್ತುಕೊಂಡಳು. "ಅಜ್ಜಿ, ಅವರ ಹೆಸರೇನು?"

"ಮರ್ತೋಗಿದೆ ಪುಟ್ಟಿ. ಸೆರಗಿನಲ್ಲಿ ಮಗು ಮಲಗಿತ್ತು. ಒಂದಲ್ಲ, ಎರಡು ಅಂತ ಬರ್ಕೊಂಡೆ."