ನೂರಕ್ಕೆ ನೂರು ಇಂಕು

ಕಾಗದ ಎಷ್ಟು ಇಂಕು ಹಿಡಿಯುತ್ತದೆ ಎಂದು ನೋಡಲು ಪ್ರಿಂಟರಿನಲ್ಲಿ ತೆಗೆದ ಪರೀಕ್ಷಾ ಹಾಳೆಯಲ್ಲಿ ಶೇ. 100 ಇಂಕು ಕುಡಿದ ಚೌಕ ಶೇ. 80ರ ಚೌಕಕ್ಕಿಂತ ಬಿಳಿಚಿಕೊಂಡು ಕೂತಿರುತ್ತದಲ್ಲ, ಆಗ ಬರುವ ಸಿಟ್ಟನ್ನು ಅಳೆಯುವ ಉಪಕರಣ ಇನ್ನೂ ಬಂದಿಲ್ಲ. ಕಪ್ಪನ್ನು ಅಳೆಯುವುದಕ್ಕೆ ಮಾತ್ರ ಇದೆ, ಅದೂ ದುಬಾರಿ.

ಕಪ್ಪು-ಬಿಳುಪು ಫೋಟೊಗಳನ್ನು ಒಂದೊಂದು ಇಂಕನ್ನೂ ಬೇರೆಬೇರೆಯಾಗಿ ಹತೋಟಿಯಲ್ಲಿಡುವ ಕ್ವಾಡ್‌ಟೋನ್ ರಿಪ್‌ನಂಥ ತಂತ್ರಾಂಶದಲ್ಲಿ ಮುದ್ರಿಸುವವರಿಗೆಲ್ಲ ಈ ಹಾಳೆ ಪರಿಚಿತ. ಒಂದೊಂದು ಇಂಕಿಗೂ ಒಂದೊಂದು ಸಾಲು, ಶೇ. 5ರಿಂದ 100ರವರೆಗೆ ಐದೈದರ ಮೆಟ್ಟಿಲು. ಮೊದಲು ನಾಝಲ್ ಚೆಕ್, ಅಂದರೆ ಇಂಕು ಚಿಮ್ಮುವ ಸಣ್ಣ ರಂಧ್ರಗಳು ಕಟ್ಟಿಕೊಂಡಿವೆಯೇ ಎಂಬ ಪರೀಕ್ಷೆ, ಆಮೇಲೆ ಈ ಹಾಳೆ. ಕ್ರಮ ತಪ್ಪಿದರೆ ಕಟ್ಟಿಕೊಂಡ ನಾಝಲ್‌ನ ತೆಳು ಗೆರೆಗಳನ್ನೇ ಕಾಗದದ ಗುಣ ಎಂದು ನಂಬಿ ಅಳೆಯುತ್ತಾ ಕೂರಬೇಕಾಗುತ್ತದೆ.

ಮ್ಯಾಟ್, ಅಂದರೆ ಹೊಳಪಿಲ್ಲದ ಕಾಗದದ ಮೇಲೆ ಕಪ್ಪು ಇಂಕಿನ ಸಾಲನ್ನು ಅಳೆದಾಗ ಎಲ್ ಸ್ಟಾರ್ (ಬಣ್ಣ ಎಷ್ಟು ತಿಳಿ ಎಂಬುದರ ಅಳತೆ) ಅಂಕಿಗಳು ಹೀಗೆ ಬಂದವು ಎನ್ನಿ: ಶೇ. 65ಕ್ಕೆ 17.5, 75ಕ್ಕೆ 16.4, 80ಕ್ಕೆ 16.2, 85ಕ್ಕೂ ಅದೇ 16.2, 100ಕ್ಕೆ 17.1. ಅಂಕಿ ಇಳಿದಷ್ಟೂ ಕಪ್ಪು ಹೆಚ್ಚು. ಅಂದರೆ 85ರ ನಂತರ ಸುರಿದ ಇಂಕು ಕಪ್ಪನ್ನು ಹೆಚ್ಚಿಸುವ ಬದಲು ಕಡಿಮೆ ಮಾಡಿದೆ. ಕಾಗದದ ಲೇಪನ ಹಿಡಿಯುವಷ್ಟು ಹಿಡಿಯಿತು. ಮಿಕ್ಕಿದ್ದು ಮೇಲೆ ನಿಂತು ಮಡುಗಟ್ಟಿತು, ಅಂಚಿನಲ್ಲಿ ಹರಡಿತು, ಹಾಳೆಯನ್ನು ಅಲೆಅಲೆಯಾಗಿ ಉಬ್ಬಿಸಿತು. ಉಬ್ಬಿದ ಹಾಳೆಗೆ ಪ್ರಿಂಟ್ ಹೆಡ್ ಉಜ್ಜಿಕೊಂಡು ಹೋದರೆ ಕಪ್ಪು ಗೀರು ಬೇರೆ. ಇಲ್ಲಿ ಇಂಕಿನ ಮಿತಿಯನ್ನು 75ಕ್ಕೆ ನಿಲ್ಲಿಸುವುದೇ ವಾಸಿ. 16.4ಕ್ಕೂ 16.2ಕ್ಕೂ ಇರುವ ವ್ಯತ್ಯಾಸ ಯಾರ ಕಣ್ಣಿಗೂ ಕಾಣುವುದಿಲ್ಲ, ಕಾಣುತ್ತದೆ ಎನ್ನುವವರು ಎಷ್ಟೇ ಜನರಿದ್ದರೂ.

ಇಷ್ಟಾದರೆ ಕೆಲಸ ಸಲೀಸು. ಆದರೆ ಇಂಕು ಒಣಗಬೇಕಲ್ಲ! ಹಸಿ ಹಾಳೆಯ ಅಂಕಿಯೇ ಬೇರೆ, ಮಾರನೆಯ ದಿನದ ಅಂಕಿಯೇ ಬೇರೆ. ಒಂದು ದಿನ ಸುಮ್ಮನೆ ಬಿಡಬೇಕು. ಬಿಡದವರೊಬ್ಬರು ಎಲ್ಲ ಕಡೆಯೂ ಇರುತ್ತಾರೆ. "ಒಣಗಿತಾ?" ಎಂದು ಅವರು ಬಾಯಲ್ಲಿ ಕೇಳುವುದಿಲ್ಲ, ತೋರುಬೆರಳಲ್ಲಿ ಕೇಳುತ್ತಾರೆ. ಆ ಬೆರಳು ಶೇ. 5ರ ಚೌಕದ ಮೇಲೆ ಎಂದೂ ಇಳಿದದ್ದಿಲ್ಲ; ನೆಟ್ಟಗೆ ಕಡುಗಪ್ಪಿಗೇ ಹೋಗುತ್ತದೆ. ಒತ್ತಿ, ಎತ್ತಿ, ಬೆಳಕಿಗೆ ಹಿಡಿದು ನೋಡಿ, "ಇನ್ನೂ ಇಲ್ಲ ಕಣ್ರೀ" ಎಂದು ವರದಿ ಒಪ್ಪಿಸುತ್ತಾರೆ. ಬಳಿಕ ಬೆರಳನ್ನು ಒರೆಸುವುದು ಎಲ್ಲಿಗೆ? ಅದೇ ಹಾಳೆಯ ಖಾಲಿ ಅಂಚಿಗೆ. ಕಾಗದದ ಬಿಳುಪನ್ನು ಅಳೆಯಲು ಉಪಕರಣ ಇಡುವುದೂ ಅಲ್ಲೇ.

ಇಂಕ್ ಮಿತಿಯ ಹಾಳೆಯಲ್ಲಾದರೆ ಕ್ಷಮಿಸಬಹುದು, ಪಕ್ಕದ ಚೌಕ ನೋಡಿ ಅಂದಾಜು ಮಾಡಿದರಾಯಿತು. ಮುಂದಿನ ಹಂತದ, ಬಿಳಿಯಿಂದ ಕಪ್ಪಿನವರೆಗಿನ ಛಾಯೆಗಳನ್ನು ಸಮನಾಗಿ ಏರಿಸುವ 21 ಮೆಟ್ಟಿಲಿನ ಲೀನಿಯರೈಸೇಶನ್ ಹಾಳೆಗೂ ಈ ಬೆರಳು ಹಾಜರಾದಾಗ ಅನಾಹುತ. ಬೆರಳಚ್ಚಿಗೂ ಇಂಕಿಗೂ ತಂತ್ರಾಂಶ ಭೇದ ಎಣಿಸುವುದಿಲ್ಲ. ಗುರುತು ಬಿದ್ದ ಚೌಕ ತೆಳುವಾಗಿದೆ ಎಂದು ಅಳತೆ ಹೇಳಿದರೆ, ಅದು ಶ್ರದ್ಧೆಯಿಂದ ಆ ಜಾಗಕ್ಕೆ ಇಂಕು ಏರಿಸುತ್ತದೆ. ಅಂದಿನಿಂದ ಮುದ್ರಿಸುವ ಪ್ರತಿ ಫೋಟೊದಲ್ಲೂ, ಯಾರದೋ ತಲೆಗೂದಲಿನ ನೆರಳಲ್ಲಿ, ಆ ಮಹಾನುಭಾವರ ಬೆರಳು ಅಜರಾಮರ.

ಅವರ ಬೆರಳಿಗೆ ಒಂದು ಸದುಪಯೋಗವೂ ಇದೆ ಅನ್ನಿ. ಮ್ಯಾಟ್ ಕಾಗದಕ್ಕೆಂದೇ ಇರುವ ಮ್ಯಾಟ್ ಬ್ಲ್ಯಾಕ್ ಇಂಕನ್ನು ತಪ್ಪಿ ಹೊಳಪಿನ ಕಾಗದಕ್ಕೆ ಹಾಕಿದ್ದರೆ ಅದು ನೆಟ್ಟಗೆ ಹಿಡಿಯುವುದೇ ಇಲ್ಲ. ಒಂದು ಉಜ್ಜಿಗೆ ಎದ್ದು ಬರುತ್ತದೆ. ಉಲ್ಟಾ ಆದರೆ, ಅಂದರೆ ಹೊಳಪಿನ ಕಾಗದಕ್ಕಿರುವ ಫೋಟೊ ಬ್ಲ್ಯಾಕ್ ಇಂಕು ಮ್ಯಾಟ್ ಕಾಗದದ ಮೇಲೆ ಬಿದ್ದರೆ, ಇದ್ದಿಲಿನ ಬೂದು. ಯಾವ ಮಿತಿ ಇಟ್ಟರೂ ಅದು ಕಪ್ಪಾಗುವುದಿಲ್ಲ. ಒಳ್ಳೆಯ ಮ್ಯಾಟ್ ಕಾಗದದ ಡಿ-ಮ್ಯಾಕ್ಸ್ (ಕಾಗದ ಕೊಡಬಲ್ಲ ಅತಿ ಗಾಢ ಕಪ್ಪಿನ ಅಳತೆ; ಇಲ್ಲಿ ಅಂಕಿ ಏರಿದಷ್ಟೂ ಕಪ್ಪು) ಸುಮಾರು 1.6ರಿಂದ 1.7, ಹೊಳಪಿನ ಬರೈಟಾ ಕಾಗದದ್ದು 2.2ನ್ನೂ ದಾಟುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಮ್ಯಾಟ್ ಕಾಗದವನ್ನು ಬೈದು ಪ್ರಯೋಜನವಿಲ್ಲ.

ಬೂದು ಇಂಕುಗಳದು ಬೇರೆ ಲೆಕ್ಕ. ತಿಳಿ ಬೂದಿನ ಕಡುವಾದ ಚೌಕ ಕಪ್ಪಿನ ಸಾಲಿನ ಯಾವ ಚೌಕಕ್ಕೆ ಸಮ ಎಂದು ಹುಡುಕಿ, ಆ ಅಂಕಿಯನ್ನು ತಂತ್ರಾಂಶದಲ್ಲಿ ತುಂಬಬೇಕು. ಅಂದಾಜಿನಲ್ಲಿ ತುಂಬಿದರೆ ಒಂದು ಇಂಕು ಮುಗಿದು ಇನ್ನೊಂದು ಏರುವಲ್ಲಿ ಆಕಾಶದ ನಡುವೆ ಪಟ್ಟೆ ಬೀಳುತ್ತದೆ.

ಡಾರ್ಕ್‌ರೂಮಿನಲ್ಲಿ ಈ ರಗಳೆ ಇರಲಿಲ್ಲ. ಬೆಳ್ಳಿಯ ಕಾಗದಕ್ಕೆ ಬೆಳಕು ಹೆಚ್ಚು ಬಿದ್ದರೆ ನೆರಳಿನ ವಿವರ ಮುಳುಗುತ್ತಿತ್ತು, ನಿಜ. ಆದರೆ ಒಮ್ಮೆ ಬಂದ ಕಪ್ಪು ಕಪ್ಪಾಗಿಯೇ ಉಳಿಯುತ್ತಿತ್ತು, ಹಿಂದಕ್ಕೆ ತಿರುಗಿ ಬೂದಾಗುತ್ತಿರಲಿಲ್ಲ. ಕೆಂಪು ದೀಪದಡಿ ಟ್ರೇಯಲ್ಲಿ ಅದು ನಿಧಾನಕ್ಕೆ ಮೂಡುವುದನ್ನು ನೋಡಿದವರು ಶೇಕಡಾವಾರು ಮಾತಾಡುವುದು ಕಷ್ಟ.

ಇಲ್ಲಿ ಕಾಗದ ಬದಲಾದರೆ ಮತ್ತೆ ಮೊದಲಿನಿಂದ. ಹೊಸ ಹಾಳೆ ಹಾಕಿ ಬಟನ್ ಒತ್ತಿದಾಗ ಪ್ರಿಂಟರ್ ತಾನಾಗಿಯೇ ಹೆಡ್ ಕ್ಲೀನಿಂಗಿಗೆ ಇಳಿಯುತ್ತದೆ, ಗುಟುಕು ಗುಟುಕಾಗಿ ಇಂಕನ್ನು ತ್ಯಾಜ್ಯದ ಪ್ಯಾಡಿಗೆ ಇಳಿಸುತ್ತದೆ. ಅದಕ್ಕೆ ಮಿತಿ ಹಾಕಲು ಯಾವ ತಂತ್ರಾಂಶದಲ್ಲೂ ಜಾಗ ಕೊಟ್ಟಿಲ್ಲ.